ಚೆಲುವಯ್ಯನ ಸ್ಕಾಚ್ ವ್ರತ

ಕೆ.ಆರ್. ನಗರದ ಹುಣಸೂರು ರಸ್ತೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದ ಚೆಲುವಯ್ಯ ಕುಡಿಯುತ್ತಿರಲಿಲ್ಲ. ಇದು ಎದೆತಟ್ಟಿ ಹೇಳಿಕೊಳ್ಳಬೇಕಾದ ಗುಣ, ಮುಚ್ಚಿಡುವಂಥದ್ದಲ್ಲ ಎಂದು ಯಾರಾದರೂ ಅಂದುಕೊಂಡರೆ, ಅವರು ಭತ್ತದ ಸೀಮೆಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡಿದವರಲ್ಲ. ಸುಟ್ಟುಹೋದ ಮೋಟಾರು ಮತ್ತೆ ತಿರುಗಿ, ಪೈಪಿನ ಬಾಯಿಂದ ನೀರು ಧಪಧಪನೆ ಗದ್ದೆಗೆ ಬಿದ್ದ ಗಳಿಗೆಯಲ್ಲಿ ರೈತನಿಗೆ ಆಗುವ ಸಂತೋಷಕ್ಕೆ ಹರಿದುಹೋಗಲು ಒಂದು ದಾರಿ ಬೇಕು. ಆ ದಾರಿ ನೇರವಾಗಿ ಬಾರಿಗೆ ಹೋಗುತ್ತಿತ್ತು. ಹೋಗುವಾಗ ಮೋಟಾರು ಕಟ್ಟಿದವನನ್ನೂ ಎಳೆದುಕೊಂಡೇ ಹೋಗುತ್ತಿತ್ತು. ಬರುವುದಿಲ್ಲ ಎಂದರೆ ರೈತನಿಗೆ ಅವಮಾನ. ಅವಮಾನವಾದ ರೈತನ ಮುಂದಿನ ಮೋಟಾರು ಬೇರೆಯವರ ಅಂಗಡಿಗೆ.

ಚೆಲುವಯ್ಯ ಕುಡಿಯದೇ ಇರುವುದಕ್ಕೆ ಕಾರಣವಿತ್ತು. ಅವನ ಅಪ್ಪ ಸಾರಾಯಿ ಕುಡಿದು ಕುಡಿದೇ ಸತ್ತವನು. ಹೆಣ ಎತ್ತುವ ಮೊದಲೇ ಅವ್ವ ಸಣ್ಣತಾಯಮ್ಮ ಮಗನ ಕೈಯನ್ನು ಎಳೆದು ತನ್ನ ತಲೆಯ ಮೇಲಿಟ್ಟುಕೊಂಡು ಮಾತು ತೆಗೆದುಕೊಂಡಿದ್ದಳು. ಆದರೆ ಇದನ್ನು ಬಾರಿನ ಬಾಗಿಲಲ್ಲಿ ನಿಂತು ಹೇಳುವುದು ಹೇಗೆ? ನಗುವ ಜನದ ಮುಂದೆ ಅಪ್ಪನ ಹೆಣವನ್ನು ಮತ್ತೊಮ್ಮೆ ಹೊತ್ತು ತಂದಂತೆ.

ಆದ್ದರಿಂದ ಅವನು ನೆಪಗಳನ್ನು ಹೇಳಿ ನೋಡಿದ. ಹೊಟ್ಟೆನೋವು ಎಂದ. "ಅದುಕ್ಕೇ ಒಂದು ಕ್ವಾಟ್ರು ಆಕು, ಓಯ್ತದೆ" ಎಂದರು. ಕಾಮಾಲೆ ಎಂದ. ಮಾರನೆಯ ಬೆಳಿಗ್ಗೆ ಸುತ್ತಲ ಹಳ್ಳಿಯವರು ಸೊಪ್ಪಿನ ರಸ ಅರೆದು ತಂದು ಅಂಗಡಿಯ ಮುಂದೆ ನಿಂತರು. ಅವನು ಕುಡಿದು ಮುಗಿಸುವವರೆಗೂ ಕದಲಲಿಲ್ಲ. ಅಯ್ಯಪ್ಪನ ಮಾಲೆ ಹಾಕಿದ. ಅದು ಚೆನ್ನಾಗಿಯೇ ನಡೆಯಿತು, ಆದರೆ ಏನು ಮಾಡುವುದು, ಸಂಕ್ರಾಂತಿ ಬಂತು.

ಹೀಗಿರುವಾಗ ಸಾಲಿಗ್ರಾಮದ ಕಡೆಯ ಜಮೀನುದಾರನೊಬ್ಬ ಅವನ ಮುಂದೆ ಗ್ಲಾಸಿಟ್ಟು, ಮಕ್ಕಳ ಮೇಲೆ ಆಣೆ ಹಾಕಿ, ಕುಡಿಯದಿದ್ದರೆ ತಾನೂ ಕುಡಿಯುವುದಿಲ್ಲವೆಂದು ಹಟ ಹಿಡಿದು ಕೂತ. ಆಗ ಚೆಲುವಯ್ಯನ ಬಾಯಿಂದ ಅವನಿಗೇ ಗೊತ್ತಿಲ್ಲದೆ ಒಂದು ಮಾತು ಹೊರಬಿತ್ತು.

"ನಂಗೆ ಈ ಮಾಲು ಒಗ್ಗಲ್ಲ ಕಣ್ರೀ. ಸ್ಕಾಚಾದ್ರೆ ಮಾತ್ರ."

ಕೊಯಮತ್ತೂರಿನಲ್ಲಿ ಕೆಲಸ ಕಲಿಯುವಾಗ ಕಾರ್ಖಾನೆಯ ಯಜಮಾನರ ಬಾಯಲ್ಲಿ ಯಾವತ್ತೋ ಕೇಳಿದ್ದ ಪದ. ಅದು ವಿಸ್ಕಿಯೋ ಬ್ರಾಂದಿಯೋ ಎಂಬುದೂ ಅವನಿಗೆ ಖಚಿತವಿರಲಿಲ್ಲ. ಆದರೆ ಬಾರಿನವರೆಲ್ಲ ಅವನ ಕಡೆ ತಿರುಗಿದರು. ಜಮೀನುದಾರ ಗ್ಲಾಸನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡ. "ಮದ್ಲೇ ಯೋಳ್ಬಾರ್ದಾ ಚೆಲುವಣ್ಣ? ಇಂಥಾ ಗಲೀಜ್ನ ನಿನ್ ಮುಂದೆ ಮಡಗಿದ್ನಲ್ಲ!" ಎಂದು ಅವಮಾನವೆಲ್ಲ ತನ್ನದೇ ಎಂಬಂತೆ ತಲೆ ತಗ್ಗಿಸಿದ.

ಅಂದಿನಿಂದ ಅವನು ಸ್ಕಾಚ್ ಚೆಲುವಯ್ಯನಾದ. ಇಡೀ ತಾಲ್ಲೂಕಿನಲ್ಲಿ ಯಾರೂ ತಂದುಕೊಡಲಾಗದ ಪದಾರ್ಥವನ್ನೇ ಕುಡಿಯುತ್ತೇನೆಂದು ಹೇಳಿದ ಮೇಲೆ ಅದಕ್ಕಿಂತ ಭದ್ರವಾದ ಬೀಗ ಬೇರೆ ಯಾವುದಿದೆ? ಮಿಕ್ಕಿದ್ದನ್ನು ಜನರೇ ಕಟ್ಟಿದರು. ಬೊಂಬಾಯಿಯಲ್ಲಿ ಒಬ್ಬ ಪಾರ್ಸಿಯ ಜೊತೆ ಇದ್ದನಂತೆ ಎಂದರು. ಹಡಗಿನ ಕಪ್ತಾನನೊಬ್ಬ ಪೆಟ್ಟಿಗೆಗಟ್ಟಲೆ ಕಳಿಸುತ್ತಿದ್ದನಂತೆ ಎಂದರು. ಚೆಲುವಯ್ಯ ಹೌದೆನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ಮೋಟಾರಿನ ಕಾಯಿಲ್ ಸುತ್ತುತ್ತ ಕೂತ. ಅವನ ಹತ್ತಿರ ಸಲಹೆ ಕೇಳಲು ಬರತೊಡಗಿದರು. ಸ್ಕಾಚಿಗೆ ಐಸ್ ಹಾಕಬಹುದಾ? "ಹಾಕ್ಬಾರ್ದು." ಸೋಡಾ? "ಬ್ಯಾಡ್ವೇ ಬ್ಯಾಡ." ಒಂದೇ ಗುಟುಕಿಗೆ ಎತ್ತಬಹುದಾ? "ಛೇ!" ಬೇಡ ಎನ್ನುವವನಿಗೆ ಏನೂ ಗೊತ್ತಿರಬೇಕಾಗಿಲ್ಲ ಎಂಬ ದೊಡ್ಡ ಸತ್ಯವನ್ನು ಅವನು ಹೀಗೆ ಕಂಡುಕೊಂಡ. ಎಷ್ಟೋ ಕಚೇರಿಗಳು ಈ ಸತ್ಯದ ಮೇಲೆಯೇ ನಡೆಯುತ್ತಿರುವುದರಿಂದ ಇದನ್ನು ಅವನೊಬ್ಬನ ತಪ್ಪೆನ್ನಲಾಗದು.

ಸಣ್ಣತಾಯಮ್ಮನ ಕಿವಿಗೂ ಈ ಹೆಸರು ಬಿತ್ತು. "ಅದೇನ್ಲಾ ಸ್ಕಾಚು ಸ್ಕಾಚು ಅಂತ ಕರೀತಾರೆ ನಿನ್ನ?" ಎಂದು ಕೇಳಿದಳು. "ಟೇಪು ಕಣವ್ವ. ವೈರಿಗೆ ಸುತ್ತೋ ಟೇಪು" ಎಂದ. ಮಗನ ಕಸುಬಿನಿಂದಲೇ ಹೆಸರು ಬಂತಲ್ಲ ಎಂದು ಅವ್ವ ಹೆಮ್ಮೆಪಟ್ಟಳು.

ಚೆಲುವಯ್ಯನ ಮಾತುಗಳನ್ನು ಎಲ್ಲರಿಗಿಂತ ಶ್ರದ್ಧೆಯಿಂದ ಕೇಳಿದವನು ವಸಂತ್. ಎದುರಿನ ಟೀ ಹೋಟೆಲಿನವನ ಮಗ. ಪಿಯುಸಿ ಫೇಲಾಗಿ ಊರೂರು ಅಲೆಯುತ್ತಿದ್ದವನು ಗೋವಾದ ಹೋಟೆಲೊಂದರ ಅಡುಗೆಮನೆ ಸೇರಿ, ಅಲ್ಲಿಂದ ಸರಕು ಸಾಗಿಸುವ ಹಡಗಿಗೆ ಅಡುಗೆಯವನಾಗಿ ಹೋಗಿದ್ದ. ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ ರಜೆಗೆ ಬಂದವನು, ನೇರವಾಗಿ ಅಂಗಡಿಗೆ ನುಗ್ಗಿ, ಸ್ವೆಟರಿನಲ್ಲಿ ಸುತ್ತಿದ್ದ ಬಾಟಲಿಯೊಂದನ್ನು ಬಿಚ್ಚಿ, ಬೇರಿಂಗು ತೊಳೆಯುವ ಬೋಗುಣಿಯ ಪಕ್ಕದಲ್ಲಿಟ್ಟ.

"ಸ್ಕಾಟ್ಲೆಂಡಿಂದ ಕಣಣ್ಣ! ನಿಂಗೇ ಅಂತ ತಂದೆ."

ಚೆಲುವಯ್ಯನಿಗೆ ಕರೆಂಟು ಹೊಡೆದಂತಾಯಿತು. ಹೊಡೆಸಿಕೊಂಡು ಅಭ್ಯಾಸವಿದ್ದ ಮನುಷ್ಯ, ಆದರೂ ಇದು ಬೇರೆ ತರಹದ ಕರೆಂಟು.

"ಯಾಕ್ ತಂದ್ಯೋ ಮಾರಾಯ?"

"ಯಾಕ್ ಅಂದ್ರೆ? ಈ ಊರಾಚೆ ಒಂದು ಪ್ರಪಂಚ ಐತೆ ಅಂತ ನಂಗೆ ತೋರ್ಸಿದ್ದೇ ನೀನು. ಎಲ್ರೂ ನನ್ನ ದಂಡಪಿಂಡ ಅಂತಿದ್ರು. ನಾನು ಇಲ್ಲಿ ಕೂತ್ಕಂಡು ನಿನ್ನ ಮಾತು, ನಿನ್ನ ಮ್ಯಾಲೆ ಜನ ಯೋಳೋ ಕತೆ ಕೇಳಿ ಕೇಳಿ, ಆ ಹಡಗು, ಆ ದೇಶ ಎಲ್ಲಾ ನೋಡ್ಬೇಕು ಅನ್ಕಂಡೆ. ನೋಡ್ದೆ. ಅದುಕ್ಕೆ ಇದು."

ಚೆಲುವಯ್ಯ ಬಾಟಲಿಯನ್ನು ಮತ್ತೆ ಸ್ವೆಟರಿನಲ್ಲಿ ಸುತ್ತುತ್ತ, "ಇಂಥಾದ್ದನ್ನ ಸುಮ್ಸುಮ್ನೆ ತೆಗೀಬಾರ್ದು ಕಣೋ. ಒಳ್ಳೇ ದಿನ ನೋಡಿ ತೆಗೀಬೇಕು" ಎಂದ. ಒಳ್ಳೆಯ ದಿನವನ್ನು ಮುಂದೂಡುತ್ತ ಹೋದರೆ ರಜೆ ಮುಗಿಯುತ್ತದೆ ಎಂಬುದು ಅವನ ಲೆಕ್ಕ. ಆದರೆ ಮೋಟಾರು ತೆಗೆದುಕೊಂಡು ಹೋಗಲು ಬಂದಿದ್ದ ಕನಕರಾಜು ಬಾಗಿಲಲ್ಲೇ ನಿಂತಿದ್ದ.

ಕನಕರಾಜು ನಾಲೆ ಕೆಲಸದ ಕಂಟ್ರಾಕ್ಟರು. ಸಿಮೆಂಟಿನಿಂದ ಹಿಡಿದು ಸಂಬಂಧದವರೆಗೆ ಯಾವುದನ್ನೂ ತಟ್ಟಿ ನೋಡದೆ ಒಪ್ಪುವವನಲ್ಲ. ಮಗಳು ಕಾವ್ಯಶ್ರೀಗೆ ಗಂಡು ಹುಡುಕುತ್ತಿದ್ದ. ಹಡಗಿನ ಕೆಲಸದ ಹುಡುಗನ ಮೇಲೆ ಮನಸ್ಸಿತ್ತು. ಹಡಗು ಕಣ್ಣಿಗೆ ಕಾಣದ್ದರಿಂದ ಅನುಮಾನವೂ ಇತ್ತು. ಈಗ ಅವನ ಮುಖ ಅರಳಿತು.

"ಭಾನುವಾರಕ್ಕಿಂತ ಒಳ್ಳೇ ದಿನ ಯಾವ್ದೈತೆ ಚೆಲುವಣ್ಣ? ಚುಂಚನಕಟ್ಟೆ ಅತ್ರ ನಮ್ ತೋಟದ ಮನೆ ತಾರಸಿ ಮ್ಯಾಲೆ. ತಿಳ್ದೋರ್ನೂ ಕರೀತೀನಿ. ನೀನು ಕುಡ್ದು ಅಸಲಿ ಅನ್ನು, ಸಾಕು. ಬಾಟ್ಲಿ ಅಸಲಿ ಆದ್ರೆ ಹುಡುಗನೂ ಅಸಲಿ."

ಭಾನುವಾರ ಸಾಯಂಕಾಲ ತಾರಸಿಯ ಮೇಲೆ ಕುರ್ಚಿಗಳು ಬಿದ್ದವು. ಕೆಳಗೆ ನಾಟಿಗೆ ಹದಮಾಡಿದ ಗದ್ದೆ, ಅದರಾಚೆ ನಾಲೆ. ತಿಳಿದವರು ಎಂದು ಕನಕರಾಜು ಕರೆದದ್ದು ಇಬ್ಬರನ್ನು. ಒಬ್ಬರು ಮಾಜಿ ಹವಾಲ್ದಾರ್ ದಾಸಯ್ಯ. ಮಿಲಿಟರಿ ಕ್ಯಾಂಟೀನಿನ ರಮ್ಮಿನ ಬಲದಿಂದ ಊರಿನಲ್ಲಿ ಗೌರವ ಸಂಪಾದಿಸಿದ್ದವರು. ಸ್ಕಾಚ್ ಚೆಲುವಯ್ಯನ ಕೀರ್ತಿ ಅವರಿಗೆ ಮೊದಲಿಂದಲೂ ಚುಚ್ಚುತ್ತಿತ್ತು. ಇನ್ನೊಬ್ಬರು ನೀಲಕಂಠಸ್ವಾಮಿ, ನಿವೃತ್ತ ಅಬಕಾರಿ ಇನ್ಸ್‌ಪೆಕ್ಟರ್. ಜೀವಮಾನದಲ್ಲಿ ಒಂದು ತೊಟ್ಟೂ ಬಾಯಿಗೆ ಹಾಕದವರು, ಆದರೆ ಅವರು ಒಡೆಸಿದ ಬಾಟಲಿಗಳ ಗಾಜಿನಿಂದ ಒಂದು ಊರಿಗೇ ಬೇಲಿ ಹಾಕಬಹುದಿತ್ತು. "ಒಳಗಿಂದು ನನಗೆ ಬೇಡ, ನಾನು ಹೊರಗಿಂದ ಹೇಳ್ತೀನಿ" ಎಂದು ಅವರು ಕನ್ನಡಕ ಏರಿಸಿದರು.

ಬಾಟಲಿ ಕೈಯಿಂದ ಕೈಗೆ ಹೋಯಿತು. ಮೇಲೆ ಕಂಪನಿ ಬಾಟಲಿಗಳಲ್ಲಿರುವಂಥ ಕುದುರೆಯಿಲ್ಲ, ಜಿಂಕೆಯಿಲ್ಲ, ಕೋಲು ಹಿಡಿದ ದೊರೆಯಿಲ್ಲ. ಬಿಳಿಯ ಕಾಗದದ ಚೀಟಿ. ಅದರಲ್ಲಿ ಒಂದು ಅಂಗಡಿಯ ಹೆಸರು, ಒಂದು ಪೀಪಾಯಿಯ ನಂಬರು, ಮಾಲು ಎಷ್ಟು ಕಡಕ್ ಎಂಬ ಅಂಕಿ, ಮೂಲೆಯಲ್ಲಿ ಯಾರೋ ಪೆನ್ನಿನಲ್ಲಿ ಗೀಚಿದ ತಾರೀಖು.

"ಕಂಪ್ನಿ ಹೆಸ್ರೇ ಇಲ್ವಲ್ಲ ಸಾಬ್!" ಎಂದರು ದಾಸಯ್ಯ. "ಬಣ್ಣ ನೋಡಿ, ಹಳೇ ಗಂಜಿ ತಿಳಿ ಇದ್ದಂಗದೆ. ನಮ್ ರಮ್ಮು ಹೆಂಗಿರ್ತದೆ ಗೊತ್ತಾ? ಗ್ಲಾಸಿನ ಈ ಕಡೆ ನಿಂತ್ರೆ ಆ ಕಡೆ ಶತ್ರು ಕಾಣಂಗಿಲ್ಲ!"

ವಸಂತ್ ಎದ್ದು ನಿಂತು ವಿವರಿಸಿದ. "ಅದು ಅಂಗಲ್ಲ ಸಾರ್. ಕಾರ್ಖಾನೆಯೋರು ಕಾಯ್ಸಿ ಇಳ್ಸಿ ಪೀಪಾಯಿಗೆ ತುಂಬ್ತಾರೆ. ಕೆಲವು ಪೀಪಾಯಿನ ಇದ್ನ ನಂಗೆ ಮಾರಿದ ಅಂಗಡಿ ಮುದುಕ ಇಡಿಯಾಗಿ ಕೊಂಡ್ಕತಾನೆ. ತನ್ನ ಗೋಡೌನಿನಾಗೆ ವರ್ಸಾನುಗಟ್ಲೆ ಮಡಗ್ತಾನೆ. ಹದಕ್ಕೆ ಬಂತು ಅಂತ ಅವನಿಗೆ ಅನ್ನಿಸ್ದಾಗ ಅವನೇ ಬಾಟ್ಲಿಗೆ ತುಂಬಿ, ಅವನೇ ಚೀಟಿ ಅಂಟಿಸ್ತಾನೆ. ಬಣ್ಣ ಆಕಲ್ಲ, ನೀರು ಬೆರ್ಸಲ್ಲ, ಜಿಡ್ಡು ಸೋಸಲ್ಲ. ಆ ಪೀಪಾಯಿ ಮುಗೀತು ಅಂದ್ರೆ ಅದು ಮುಗೀತು, ಮತ್ತೆ ಸಿಗಲ್ಲ."

"ಅಂದ್ರೆ ನಮ್ ಹಳೇ ಅಕ್ಕಿ ಇದ್ದಂಗೆ" ಎಂದ ಕನಕರಾಜು. "ರೈತನ ಭತ್ತ, ಮಂಡಿಯೋನ ಚೀಲ."

ಆದರೆ ನೀಲಕಂಠಸ್ವಾಮಿಯವರ ಕಣ್ಣುಗಳಲ್ಲಿ ನಿವೃತ್ತಿಯ ನಂತರ ಮೊದಲ ಬಾರಿಗೆ ಬೆಳಕು ಕಾಣಿಸಿತ್ತು. "ತಡೀರಿ, ತಡೀರಿ. ಬೇರೆಯವರ ಮಾಲು ಕೊಂಡು, ತನ್ನ ಗೋಡೌನಲ್ಲಿ ಬಚ್ಚಿಟ್ಟು, ತಾನೇ ಬಾಟ್ಲಿಗೆ ತುಂಬಿ, ತಾನೇ ಲೇಬಲ್ ಅಂಟಿಸ್ತಾನೆ. ಅಷ್ಟೇ ತಾನೆ?"

"ಹೂಂ ಸಾರ್."

"ಇದಕ್ಕೇ ಅಲ್ಲೇನಪ್ಪ ನಾವು ಇಷ್ಟು ವರ್ಷ ಸೆಕೆಂಡ್ಸ್, ನಕಲಿ ಮಾಲು ಅಂತ ಹೇಳಿ ಜನರನ್ನ ಜೈಲಿಗೆ ಹಾಕಿದ್ದು!"

ಇನ್ಸ್‌ಪೆಕ್ಟರು ಬೆರಳಿಟ್ಟು ತೋರಿಸಿದರು. "ಇಲ್ನೋಡಿ, ಆಲ್ಕೋಹಾಲು ನೂರಕ್ಕೆ ಐವತ್ತೆಂಟು. ನಮ್ಮಲ್ಲಿ ನಲವತ್ತೆರಡು ಚಿಲ್ಲರೆ ದಾಟಂಗಿಲ್ಲ. ಇದು ಬರೀ ಸ್ಪಿರಿಟ್ಟು."

ದಾಸಯ್ಯನವರು ಇನ್ನೂ ಮುಂದೆ ಹೋದರು. ಗ್ಲಾಸಿಗೆ ಒಂದಿಷ್ಟು ಬಗ್ಗಿಸಿ, ಥರ್ಮಾಸಿನ ಐಸ್ ನೀರನ್ನು ಧಾರಾಳವಾಗಿ ಸುರಿದು ಎತ್ತಿ ಹಿಡಿದರು. ತಿಳಿಯಾಗಿದ್ದದ್ದು ಎಲ್ಲರ ಕಣ್ಣ ಮುಂದೆಯೇ ಮಬ್ಬಾಯಿತು.

"ಫಿನಾಯಿಲ್!" ಎಂದು ಕೂಗಿದರು ದಾಸಯ್ಯ. "ನೀರಿಗೆ ಹಾಕಿದ್ರೆ ಬೆಳ್ಳಗಾಗೋದು ಪ್ರಪಂಚದಲ್ಲಿ ಒಂದೇ ಪದಾರ್ಥ!"

ಕನಕರಾಜು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದ. ಒಂದು ಅಂಗಡಿಯ ಚೀಟಿಯಿಂದ ಹೊರಟ ಅನುಮಾನ ಈಗ ಸಮುದ್ರ ಸೇರಿತ್ತು. "ಅಲ್ಲ ಕಣಪ್ಪ ವಸಂತು, ನೀನು ಇರೋದು ಹಡಗೇ ತಾನೇ? ಮಂಗ್ಳೂರು ಕಡೆ ಮೀನು ಹಿಡಿಯೋ ದೋಣಿ ಅಲ್ವಲ್ಲ?"

ವಸಂತನ ಮುಖ ಕಪ್ಪಿಟ್ಟಿತು. ಹಡಗನ್ನು ತಾರಸಿಗೆ ತಂದು ತೋರಿಸುವುದು ಹೇಗೆ? ಅವನು ಚೆಲುವಯ್ಯನ ಕಡೆ ತಿರುಗಿದ. "ಚೆಲುವಣ್ಣ, ನೀನೇ ಯೋಳಣ್ಣ."

"ಸರಿ, ನೀವೇ ಹೇಳಿ ಚೆಲುವಯ್ಯನೋರೆ" ಎಂದರು ಇನ್ಸ್‌ಪೆಕ್ಟರು. "ಇದು ಕುಡಿಯೋ ಪದಾರ್ಥ ಅಲ್ಲ ಅಂತ ಒಂದು ಮಾತು ಹೇಳ್ಬಿಡಿ, ಎಲ್ಲರೂ ಮನೆಗೆ ಹೋಗೋಣ."

ಇದಕ್ಕಿಂತ ಸುಲಭವಾದ ಬಾಗಿಲು ಚೆಲುವಯ್ಯನಿಗೆ ಯಾವತ್ತೂ ತೆರೆದಿರಲಿಲ್ಲ. ಬೇಡ ಎನ್ನುವುದರಲ್ಲಿ ಅವನಷ್ಟು ಪಳಗಿದವರು ಯಾರಿದ್ದರು? ಕುಡೀಬಾರ್ದು ಎಂದರೆ ಮುಗಿಯಿತು; ಅವ್ವನಿಗೆ ಕೊಟ್ಟ ಮಾತು ಉಳಿಯಿತು, ಹೆಸರೂ ಉಳಿಯಿತು. ಬಾಯಿ ತೆರೆದ. ಅಷ್ಟರಲ್ಲಿ ಅವನ ಕಣ್ಣು ವಸಂತನ ಕೈಯ ಮೇಲೆ ಬಿತ್ತು. ಬಾಟಲಿ ಸುತ್ತಿದ್ದ ಸ್ವೆಟರನ್ನು ಅವನು ಎರಡೂ ಕೈಯಲ್ಲಿ ಹಿಂಡುತ್ತಿದ್ದ. ಸಮುದ್ರ ದಾಟಿ, ರೈಲು ಬಸ್ಸು ಹತ್ತಿಳಿದು, ಒಡೆಯದ ಹಾಗೆ ಎದೆಗವಚಿಕೊಂಡು ತಂದ ಗಂಟು. ಯಾರ ಸುಳ್ಳನ್ನು ನಂಬಿ ಇಷ್ಟು ದೂರ ಹೋಗಿ ಬಂದ ಇವನು?

ಚೆಲುವಯ್ಯ ಎದ್ದ.

"ನೀರು ಆಕ್ಬಾರ್ದು ಅಂತ ನಾನು ಎಷ್ಟು ವರ್ಸದಿಂದ ಬಡ್ಕತಾ ಇವ್ನಿ?" ಎಂದು ದಾಸಯ್ಯನವರ ಮೇಲೆ ರೇಗಿದ. ಆ ದನಿಗೆ ಹವಾಲ್ದಾರರು ಗ್ಲಾಸು ಕೆಳಗಿಟ್ಟು ನೆಟ್ಟಗೆ ಕೂತರು. "ಬೇರೆ ಗ್ಲಾಸ್ ಕೊಡಿ."

ನೀರು ಹಾಕದೆ ಒಂದು ಬೆರಳಿನಷ್ಟು ಬಗ್ಗಿಸಿಕೊಂಡು ಮೂಗಿನ ಹತ್ತಿರ ತಂದ. ತಂದವನು ಬೆಚ್ಚಿದ. ಇದು ಗೊತ್ತಿದ್ದ ವಾಸನೆ! ದಿನಾ ಬೆಳಗಾದರೆ ಅಂಗಡಿಯಲ್ಲಿ ಬಿಚ್ಚುತ್ತಿದ್ದ ಸುಟ್ಟ ಮೋಟಾರಿನ ವಾಸನೆ. ಅಪ್ಪನ ಬಾಯಿಂದ ಬರುತ್ತಿದ್ದ ಆ ಹುಳಿ ನಾತ ಇದರಲ್ಲಿ ಎಲ್ಲೂ ಇರಲಿಲ್ಲ. ಅವ್ವನನ್ನು ನೆನೆದು, ಕಣ್ಣು ಮುಚ್ಚಿ, ಬಾಯಿಗೆ ಸುರಿದುಕೊಂಡ.

ನಾಲಗೆಗೆ ಬೆಂಕಿ ಬಿತ್ತು. ಕೆನ್ನೆ ಉಬ್ಬಿತು, ಕಣ್ಣಲ್ಲಿ ನೀರು ಬಂತು. ಎಲ್ಲರೂ ಅವನ ಗಂಟಲನ್ನೇ ನೋಡುತ್ತಿದ್ದರು. ಆದರೆ ಆ ಗಂಟಲು ಅವ್ವನ ತಲೆಯ ಮೇಲೆ ಆಣೆ ಮಾಡಿದ ಗಂಟಲು. ಏನು ಮಾಡಿದರೂ ಇಳಿಸಿಕೊಳ್ಳಲೊಲ್ಲದು. ಸಾಧ್ಯವಾದಷ್ಟು ಹೊತ್ತು ಬಾಯಲ್ಲೇ ಹಿಡಿದಿದ್ದು, ಕೊನೆಗೆ ಓಡಿಹೋಗಿ ತಾರಸಿಯ ಅಂಚಿನಿಂದ ಕೆಳಗಿನ ಗದ್ದೆಗೆ ಉಗಿದುಬಿಟ್ಟ.

"ಉಗಿದ್ನಲ್ರೀ!" ಎಂದರು ಇನ್ಸ್‌ಪೆಕ್ಟರು, ಕೇಸು ಗೆದ್ದವರಂತೆ.

"ಅಂಗೇ!" ಎಂದು ಕಿರುಚಿದವನು ವಸಂತ್. "ಅಂಗೇ ಕಣ್ರೀ! ಅಂಗಡಿ ಮುದುಕನೂ ಅಂಗೇ ಮಾಡ್ದ! ಪೀಪಾಯಿ ಪರೀಕ್ಷೆ ಮಾಡೋರು ನುಂಗಲ್ವಂತೆ. ಬಾಯಾಗೆ ತಿರುಗ್ಸಿ ಬಕೀಟ್ಗೆ ಉಗೀತಾರಂತೆ. ನುಂಗೋನು ಕುಡುಕ, ಉಗಿಯೋನು ತಿಳ್ದೋನು ಅಂದ!"

ಕನಕರಾಜುವಿನ ಕುರ್ಚಿ ಮುಂದೆ ಬಂತು. "ರುಚಿ ಎಂಗದೆ ಚೆಲುವಣ್ಣ?"

ಚೆಲುವಯ್ಯನಿಗೆ ಸುಳ್ಳು ಹೇಳುವ ಚೈತನ್ಯ ಉಳಿದಿರಲಿಲ್ಲ. ಲುಂಗಿಯ ತುದಿಯಿಂದ ಬಾಯಿ ಒರೆಸಿಕೊಳ್ಳುತ್ತ ಇದ್ದದ್ದನ್ನು ಇದ್ದಂತೆ ಹೇಳಿದ. "ಸುಟ್ಟೋದ ವೈಂಡಿಂಗು. ಅದ್ರ ಮ್ಯಾಲೆ ವಾರ್ನಿಷ್ಷು. ಆಮೇಲೆ ಆಸ್ಪತ್ರೇಲಿ ಗಾಯಕ್ಕೆ ಅಚ್ತಾರಲ್ಲ, ಟಿಂಚರ್ರು. ಕೊನೇಗೆ ಒಸಿ ಬೆಲ್ಲ."

ವಸಂತನ ಕಣ್ಣು ತುಂಬಿಬಂತು. "ಹೊಗೆ, ಡಾಂಬ್ರು, ಆಸ್ಪತ್ರೆ, ಕೊನೇಲಿ ಸಿಹಿ ಅಂದಿದ್ದ ಆ ಮುದುಕ. ಇದೇ ನಾಕು ಮಾತು ಕಣ್ರೀ. ದೇವ್ರಾಣೆಗೂ ಇದೇ!"

ಮುಂದಿನದನ್ನು ಚುಂಚನಕಟ್ಟೆಯ ಗದ್ದೆ ಮಾತ್ರ ಸರಿಯಾಗಿ ಹೇಳಬಲ್ಲದು. ಕನಕರಾಜು ಒಂದು ಗುಟುಕು ಹಾಕಿ, ತಿರುಗಿಸಿ, ಅಂಚಿಗೆ ಹೋಗಿ ಉಗಿದ. ಉಗಿದು "ವಾರ್ನಿಷ್ ಐತೆ, ವಾರ್ನಿಷ್ ಐತೆ" ಎಂದು ತಲೆದೂಗಿದ. ನುಂಗದಿದ್ದರೆ ಕುಡಿದ ಹಾಗಲ್ಲ ಎಂಬ ಅಂಶವನ್ನು ಗಮನಿಸಿದ ನೀಲಕಂಠಸ್ವಾಮಿಯವರು, ಇಲಾಖೆಯಲ್ಲಿ ಇಷ್ಟು ವರ್ಷ ದುಡಿದೂ ಒಳಗಿನದನ್ನು ತಿಳಿಯದೆ ಉಳಿದದ್ದು ಒಂದು ಕೊರತೆಯೇ ಎಂದು ಹೇಳಿ ಗ್ಲಾಸು ಹಿಡಿದರು. ತಿಳಿಯುವ ಹಂಬಲ ಒಂದೇ ಸಲಕ್ಕೆ ತೀರಲಿಲ್ಲ. ದಾಸಯ್ಯನವರೂ ಎಲ್ಲರಂತೆ ಅಂಚಿನವರೆಗೆ ನಡೆದು, ಬಗ್ಗಿ, "ಥೂ" ಎಂದು ಸದ್ದು ಮಾಡಿ ಬರುತ್ತಿದ್ದರು. ಆದರೆ ಅವರ ಗಂಟಲಮಣಿ ಮೇಲೆ ಕೆಳಗೆ ಆಡಿದ್ದನ್ನು ಕಂಡವರಿದ್ದಾರೆ. ಕತ್ತಲಾಗುವ ಮೊದಲೇ ಬಾಟಲಿ ಮುಕ್ಕಾಲು ಖಾಲಿಯಾಯಿತು. ಕನಕರಾಜು ವಸಂತನ ಹೆಗಲ ಮೇಲೆ ಕೈಹಾಕಿ, "ಬುಧವಾರ ಅಪ್ಪ ಅವ್ವನ್ನ ಕರ್ಕಂಡು ಮನೇಗ್ ಬಾರಪ್ಪ. ಕಾವ್ಯಶ್ರೀಗೂ ನಿನ್ನ ನೋಡ್ದಂಗೆ ಆಯ್ತದೆ" ಎಂದ.

ಹೊರಡುವಾಗ ವಸಂತ್ ಉಳಿದದ್ದನ್ನು ಸ್ವೆಟರಿನ ಸಮೇತ ಚೆಲುವಯ್ಯನ ಮೊಪೆಡ್ಡಿನ ಬುಟ್ಟಿಗಿಟ್ಟ. "ಇದು ನಿಂದು ಕಣಣ್ಣ" ಎಂದ. ನಾಲೆಯ ಸೇತುವೆಯ ಮೇಲೆ ಚೆಲುವಯ್ಯ ಗಾಡಿ ನಿಲ್ಲಿಸಿ, ಬಾಟಲಿ ಎತ್ತಿ ನೀರಿನ ಮೇಲೆ ಹಿಡಿದ. ಎಸೆಯಲು ಕೈ ಬರಲಿಲ್ಲ. ಮತ್ತೆ ಸುತ್ತಿ ಇಟ್ಟುಕೊಂಡು ಮನೆಗೆ ಬಂದ.

ಸಣ್ಣತಾಯಮ್ಮ ಜಗಲಿಯ ಮೇಲೆ ಮಂಡಿ ನೀವಿಕೊಳ್ಳುತ್ತ ಕೂತಿದ್ದಳು. ಮಗ ಹತ್ತಿರ ಬಂದದ್ದೇ ತಡ, ಅವಳ ಕೈ ನಿಂತಿತು.

"ಬಾ ಇಲ್ಲಿ. ಬಾಯಿ ತಗಿ."

ಅವನು ತೆಗೆದ. ಗಂಡನ ಬಾಯನ್ನು ಸಾಯಂಕಾಲ ಸಾಯಂಕಾಲ ಮೂಸಿ ನೋಡಿ ಪಳಗಿದವಳು. ಮೂಸಿದಳು. ಚೆಲುವಯ್ಯ ಅಲ್ಲೇ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದ. ಟೇಪಲ್ಲ ಎಂದು ಹೇಳಿದ. ಕಾಮಾಲೆ, ಮಾಲೆ, ಜಮೀನುದಾರ, ಜನ ಕಟ್ಟಿದ ಕತೆ, ವಸಂತ, ಗದ್ದೆಗೆ ಉಗಿದದ್ದು. "ನುಂಗ್ನಿಲ್ಲ ಕಣವ್ವ. ಆದ್ರೆ ಬಾಯಿಗೆ ಆಕ್ಕಂಡೆ" ಎಂದು ಬಾಟಲಿಯನ್ನು ಅವಳ ಮುಂದಿಟ್ಟ.

ಅವಳು ಬಿರಡೆ ತೆಗೆದು ಮೂಸಿದಳು. ಆಮೇಲೆ ಅಂಗೈ ಚಾಚಿದಳು. "ಒಂದ್ ತೊಟ್ಟು ಬುಡು."

"ಅವ್ವಾ!"

"ಬುಡ್ಲಾ."

ಅಂಗೈಯ ಗುಳಿಗೆ ಬಿಟ್ಟ. ಅವಳು ನಾಲಗೆಯ ತುದಿ ಸೋಕಿಸಿದಳು. ಮುಖವೆಲ್ಲ ಹಿಂಡಿಹೋಯಿತು. ಅಂಗಳಕ್ಕೆ ಉಗಿದು, ಸೆರಗಿನಿಂದ ನಾಲಗೆ ಒರೆಸಿಕೊಂಡಳು.

"ಇಷ್ಟುಕ್ಕೇನ್ಲಾ?" ಎಂದಳು.

ಅವನಿಗೆ ಅರ್ಥವಾಗಲಿಲ್ಲ.

"ನಿಮ್ಮಪ್ಪ. ಇಷ್ಟುಕ್ಕೇನಾ ಅಂಗೆ ಓಡೋಡಿ ಓಯ್ತಿದ್ದುದು? ಅದ್ರಾಗೆ ಅಂಥಾದ್ದು ಏನೈತೋ, ನಾನು ಕೊಡಾಕಾಗ್ದುದು ಏನೈತೋ ಅಂತ ಇಷ್ಟ್ ವರ್ಸ ಯೋಚ್ನೆ ಮಾಡ್ತಿದ್ನಲ್ಲೋ."

ಅಪ್ಪ ಕುಡಿದದ್ದು ಇದಲ್ಲ, ಇದು ದೊರೆಗಳು ಕುಡಿಯುವಂಥದ್ದು ಎಂದು ಹೇಳಬಹುದಿತ್ತು. ಚೆಲುವಯ್ಯ ಹೇಳಲಿಲ್ಲ.

"ಅವಂಗೂ ಮೊದ್ಲು ಆಸೆ ಇರ್ನಿಲ್ಲ ಕಣಪ್ಪ" ಎಂದಳು ಅವ್ವ. "ಜೊತೆಗಾರ್ರು ಬಾಗ್ಲಿಗ್ ಬಂದು ಕೂಗೋರು. ಒಲ್ಲೆ ಅಂದ್ರೆ ಏನಂದ್ಕತಾರೋ ಅಂತ ಎದ್ದು ಓಯ್ತಿದ್ದ. ಒಳ್ಳೇ ಮನ್ಸ. ಒಂದು ಸುಳ್ಳು ಯೋಳಾಕ್ ಬತ್ತಿದ್ರೆ ಬದುಕ್ಕಂತಿದ್ದ."

ಚೆಲುವಯ್ಯ ಅತ್ತ. ಅವಳು ಅವನನ್ನು ಸಮಾಧಾನ ಮಾಡಲು ಹೋಗಲಿಲ್ಲ. ಬಾಟಲಿಯ ಬಾಯನ್ನು ಇನ್ನೊಮ್ಮೆ ಮೂಸಿ ನೋಡಿ ಹುಬ್ಬೇರಿಸಿದಳು.

"ಗಾಟು ಚೆನ್ನಾಗೈತೆ ಕಣ್ಲಾ. ಸೀತ ಎಳ್ಕತದೆ. ಒಸಿ ಬೆಚ್ಚಗ್ ಮಾಡ್ಕಂಡ್ ಬಂದು ಮಂಡಿಗೆ ತಿಕ್ಕು."

ಸಮುದ್ರದಾಚೆಯ ಗೋಡೌನಿನಲ್ಲಿ ಯಾರೋ ಒಬ್ಬ ಮುದುಕ ವರ್ಷಾನುಗಟ್ಟಲೆ ಕಾದು ಹದ ಮಾಡಿದ್ದನ್ನು ಚೆಲುವಯ್ಯ ಒಗ್ಗರಣೆ ಸೌಟಿನಲ್ಲಿ ಬೆಚ್ಚಗೆ ಮಾಡಿ ತಂದು, ಅವ್ವನ ಸೀರೆಯನ್ನು ಮಂಡಿಯವರೆಗೆ ಸರಿಸಿ, ತಿಕ್ಕತೊಡಗಿದ. ಅವಳು ಗೋಡೆಗೆ ಒರಗಿ ಕಣ್ಣು ಮುಚ್ಚಿದಳು.

"ಬಲವಾಗ್ ತಿಕ್ಲಾ" ಎಂದಳು ಸ್ವಲ್ಪ ಹೊತ್ತಿಗೆ. "ಎಲ್ಲಾನೂ ಒಂದಕ್ಕೇ ಸುರೀಬ್ಯಾಡ. ಎಡಗಾಲ್ಗೂ ಇರ್ಲಿ."